ಗುರವ್ವನ ಒನಕೆ

ಪುಷ್ಯ ಮಾಸದಲ್ಲಿ ಹಿರೇಕೆರೆ ಎಂದಿನಂತೆ ಹೆಪ್ಪುಗಟ್ಟಿತ್ತು. ಅಂಚಿನಲ್ಲಿ ಗಂಡಸರು ಗರಗಸದಿಂದ ಮಂಜುಗಡ್ಡೆ ಕೊಯ್ದು ಚಕ್ಕಡಿಗೆ ಹೇರುತ್ತಿದ್ದರು. ಸ್ಕೇಟಿಂಗಿನಲ್ಲಿ ಮೂರು ಸಲ ದೇಶಕ್ಕೇ ಮೊದಲಿಗಳಾಗಿದ್ದ ನೀಲವ್ವ ಕೆರೆಯ ಮೇಲಿನ ಮಂಜುಗಡ್ಡೆ ಗಟ್ಟಿ ಇದೆಯೇ ಎಂದು ಒನಕೆಯಿಂದ ಕುಟ್ಟುತ್ತ, ಸದ್ದಿಗೆ ಕಿವಿಗೊಟ್ಟು ಒಂದೊಂದೇ ಹೆಜ್ಜೆ ಮುಂದಿಡುತ್ತಿದ್ದಳು. ಹಿಂದೆ ಈ ಕೆಲಸ ಅಕ್ಕ ಗುರವ್ವನದಾಗಿತ್ತು. ನಾಲ್ಕನೆಯ ಪಂದ್ಯದ ವರ್ಷ ಕೆರೆ ಗುರವ್ವನನ್ನು ನುಂಗಿತು. ನೀಲವ್ವ ಮತ್ತೆ ಸ್ಕೇಟ್ ಕಟ್ಟಲಿಲ್ಲ.

ದಡದಲ್ಲಿ ಗುರವ್ವನ ಮಗಳು ದಾನಮ್ಮ ಸ್ಕೇಟ್ ಕಟ್ಟಿಕೊಂಡು ಚಡಪಡಿಸುತ್ತಿದ್ದಳು. “ಚಿಗವ್ವ, ರೊಟ್ಟಿ ಬಡದಂಗ ಎಷ್ಟ ಬಡೀತಿ? ಗಟ್ಟಿ ಐತಿ ಬಿಡು, ಹೊತ್ತಾತು.”

ನೀಲವ್ವ ತಿರುಗಿ ನೋಡಲಿಲ್ಲ. “ಅವತ್ತ ನಿಮ್ಮವ್ವಗ ನಾನೂ ಹಿಂಗ ಅಂದಿದ್ದೆ. ನನ್ನ ಮಾತ ಕೇಳಿ ಅಕಿ ಒನಕಿ ಇಟ್ಟು ನಡದ್ಲು.”

ಹುಡುಗಿ ಸ್ಕೇಟಿನ ಲಾಡಿ ಬಿಚ್ಚಿದಳು. ನೀಲವ್ವ ಒನಕೆ ಎತ್ತಿದಳು. ಕುಟ್ಟುವುದು ಇನ್ನೂ ಅರ್ಧ ಕೆರೆ ಉಳಿದಿತ್ತು.