ರದ್ದಿಗೆ ಬಿದ್ದ ಮಹಾಪ್ರಬಂಧ

ಪ್ರಾಧ್ಯಾಪಕರು ಕಾರಿಡಾರಿನಲ್ಲಿ ತಕ್ಕಡಿಯ ಪಕ್ಕ ನಿಂತು ರದ್ದಿ ಮೂಟೆ ಎತ್ತಿಸುತ್ತಿದ್ದಾಗ ಹಿಂದಿನಿಂದ "ನಮಸ್ಕಾರ ಸಾರ್" ಎಂಬ ದನಿ ಕೇಳಿತು. ತಿರುಗಿ ನೋಡಿದರೆ ಹಳೆಯ ಶಿಷ್ಯೆ. ಅವರ ಕೈಕೆಳಗೇ ಪಿಎಚ್.ಡಿ. ಮುಗಿಸಿ ಹೋದವಳು, ಈಗ ಬೇರೊಂದು ಊರಿನ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಅವಳ ತೋಳು ಹಿಡಿದು, ಕಪ್ಪು ಕನ್ನಡಕ ಹಾಕಿಕೊಂಡ ತೆಳ್ಳಗಿನ ಮುದುಕರೊಬ್ಬರು ನಿಂತಿದ್ದರು.

"ನಮ್ಮಪ್ಪ ಸಾರ್. ಕಣ್ಣಿನ ಪೊರೆ ತೆಗೆಸಿದ್ವಿ. ಈಗ ಚೆನ್ನಾಗಿ ಕಾಣುತ್ತಲ್ಲ, ಮೊದಲು ಆ ಪುಸ್ತಕ ತೋರ್ಸು ಅಂತ ಒಂದೇ ಹಟ."

"ಯಾವ ಪುಸ್ತಕ?"

"ನನ್ನ ಮಹಾಪ್ರಬಂಧ ಸಾರ್. ನಿಮಗೆ ಕೊಟ್ಟಿದ್ನಲ್ಲ, ಆ ಪ್ರತಿ. ಅಪ್ಪ ಬೈಂಡಿಂಗ್ ಕೆಲಸದವರು. ಮಿಕ್ಕ ಪ್ರತಿಗಳನ್ನ ತಮ್ಮ ಅಂಗಡಿ ಹುಡುಗರ ಕೈಲಿ ಮಾಡಿಸಿದ್ರು. ನಿಮ್ಮದನ್ನ ಮಾತ್ರ ತಾವೇ ಕೂತು ಹೊಲಿದ್ರು."

"ಆಗ ಕಣ್ಣು ಅರ್ಧಂಬರ್ಧ ಸ್ವಾಮಿ," ಮುದುಕರು ನಕ್ಕರು. "ಬೆರಳಲ್ಲೇ ತಡವಿ ತಡವಿ ಮಾಡಿದ ಕೆಲಸ. ಅದಾದ್ಮೇಲೆ ಅಂಗಡಿ ಮುಚ್ಚಿಬಿಟ್ಟೆ. ಹೇಗೆ ಬಂದಿದೆ ಅಂತ ಒಂದು ಸಲ ಕಣ್ಣಾರೆ ನೋಡ್ಬೇಕು."

ಪ್ರಾಧ್ಯಾಪಕರು ತಕ್ಕಡಿಯ ಮೇಲಿನ ಮೂಟೆಯತ್ತ ನೋಡಿದರು. ವಿಶ್ವವಿದ್ಯಾಲಯದ ತ್ಯಾಜ್ಯ ಕಡಿತ ಸಮಿತಿಗೆ ಅವರೇ ಅಧ್ಯಕ್ಷರು. ಮರುಬಳಕೆಗೆ ಯಾವ ವಿಭಾಗ ಹೆಚ್ಚು ಕಾಗದ ಕೊಡುತ್ತದೋ ಅದಕ್ಕೆ ಬಹುಮಾನ ಎಂದು ಸಾರಿದವರೂ ಅವರೇ. ಅಧ್ಯಕ್ಷರ ವಿಭಾಗವೇ ಹಿಂದೆ ಬಿದ್ದರೆ ನಗೆಪಾಟಲಾಗುತ್ತದೆಂದು ಬೆಳಿಗ್ಗೆ ತಮ್ಮ ಕೋಣೆಯ ಕಪಾಟನ್ನು ಪೂರ್ತಿ ಖಾಲಿ ಮಾಡಿಸಿದ್ದರು. ಅದರಲ್ಲಿದ್ದುದೆಲ್ಲ ಶಿಷ್ಯರು ಕೊಟ್ಟು ಹೋದ ಮಹಾಪ್ರಬಂಧಗಳು. ರಟ್ಟು ಇದ್ದರೆ ಕಾಗದದ ಗಿರಣಿಯವರು ತೆಗೆದುಕೊಳ್ಳುವುದಿಲ್ಲ, ಕಿತ್ತು ಹಾಕು ಎಂದು ಅಟೆಂಡರಿಗೆ ಹೇಳಿದ್ದೂ ಆಗಿತ್ತು.

"ಒಳಗಡೆ ಕೂತಿರಿ, ತರ್ತೀನಿ" ಎಂದು ಅವರಿಬ್ಬರನ್ನು ಕೋಣೆಗೆ ಕಳಿಸಿ, ಮೂಟೆಗಳ ಕಡೆ ಓಡಿದರು. ಒಂದನ್ನು ಬಿಚ್ಚಿ ಸುರುವಿದರು. ಇನ್ನೊಂದರಲ್ಲಿ ಮೊಣಕೈವರೆಗೂ ಕೈ ತೂರಿಸಿ ಹುಡುಕಿದರು. ಅಟೆಂಡರು ಬೆರಗಾಗಿ ನೋಡಿದ.

"ಏನ್ ಸಾರ್ ಕಳ್ಕೊಂಡ್ರಿ?"

"ಚರ್ಮದ ಬೆನ್ನು ಇರೋ ಪುಸ್ತಕ ಒಂದಿತ್ತಲ್ಲ, ಕಂದು ಬಣ್ಣದ್ದು..."

"ಓ ಅದಾ. ಅದರ ರಟ್ಟು ಮಾತ್ರ ಏನ್ ಮಾಡಿದ್ರೂ ಕಿತ್ಕೊಂಡು ಬರ್ಲಿಲ್ಲ ಸಾರ್. ಹೊಲಿಗೆ ಅಷ್ಟು ಬಿಗಿ. ಕಾಲಲ್ಲಿ ಮೆಟ್ಟಿ ಎಳೆದ್ರೂ ಬಿಡ್ಲಿಲ್ಲ. ಕತ್ತರಿ ತರೋಣ ಅಂತ ಪಕ್ಕಕ್ಕಿಟ್ಟಿದ್ದೆ." ಬಾಗಿಲ ಮೂಲೆಯಿಂದ ಎತ್ತಿ ಕೊಟ್ಟ. ರಟ್ಟಿನ ಮೇಲೆ ಚಪ್ಪಲಿಯ ಗುರುತು ಅಚ್ಚೊತ್ತಿತ್ತು.

ಪ್ರಾಧ್ಯಾಪಕರು ಅದನ್ನು ಅಂಗಿಯ ತೋಳಿನಿಂದ ಒರೆಸುತ್ತ ತಲೆ ಎತ್ತಿದಾಗ, ಕೋಣೆಯ ಹೊಸ್ತಿಲಲ್ಲಿ ಅಪ್ಪ ಮಗಳು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು ಎಂಬುದು ಮಗಳ ಮುಖದಲ್ಲೇ ಇತ್ತು. ಪ್ರಾಧ್ಯಾಪಕರ ಕೈ ಅಲ್ಲೇ ನಿಂತಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮುದುಕರ ಮುಖ ಮಾತ್ರ ಅರಳಿತ್ತು. "ಮೆಟ್ಟಿ ಎಳೆದ್ರೂ ಬರ್ಲಿಲ್ವಂತೆ, ಕೇಳಿದ್ಯೇನಮ್ಮ?" ಎಂದು ಪುಸ್ತಕ ಇಸಿದುಕೊಂಡರು. "ಮುಜುಗರ ಪಟ್ಕೋಬೇಡಿ ಸ್ವಾಮಿ. ಓದಿ ಆದ್ಮೇಲೆ ರದ್ದಿಗೆ ಹಾಕೋದ್ರಲ್ಲಿ ತಪ್ಪೇನಿದೆ? ನಾನೂ ಅಂಗಡೀಲಿ ಕತ್ತರಿಸಿದ ಚೂರನ್ನೂ ಬಿಸಾಕ್ದೆ ಗಿರಣಿಗೇ ಕಳಿಸ್ತಿದ್ದೆ."

ಕನ್ನಡಕ ತೆಗೆದು, ಬೆನ್ನು ಸವರಿ, ಪುಟ ಮಗುಚತೊಡಗಿದರು. ಒಂದಕ್ಕೊಂದು ಅಂಟಿಕೊಂಡಿದ್ದ ಹಾಳೆಗಳು ಪಟಪಟನೆ ಬಿಡಿಸಿಕೊಳ್ಳುತ್ತಿದ್ದವು. ನಡುವೆ ಒಂದು ಕಡೆ ಅವರ ಕೈ ತಡೆಯಿತು. ಪುಸ್ತಕವನ್ನು ತಿರುಗಿಸಿದರು, ಮತ್ತೆ ನೆಟ್ಟಗೆ ಹಿಡಿದರು. ಮುಖ ಬಿಳಿಚಿಕೊಂಡಿತು.

"ಅಯ್ಯೋ, ಒಂದು ಅಧ್ಯಾಯಕ್ಕೆ ಅಧ್ಯಾಯವೇ ತಲೆಕೆಳಗಾಗಿ ಹೊಲಿದುಬಿಟ್ಟಿದ್ದೀನಲ್ಲಮ್ಮ."

ಮಗಳು ಬಗ್ಗಿ ನೋಡಿದಳು. ನಾಲ್ಕನೆಯ ಅಧ್ಯಾಯ. ಆಮೇಲೆ ನಿಧಾನವಾಗಿ ಪ್ರಾಧ್ಯಾಪಕರ ಕಡೆ ನೋಡಿದಳು. ಏನೂ ಕೇಳಲಿಲ್ಲ. ಕೇಳಿದ್ದರೆ ಏನಾದರೊಂದು ಸಬೂಬು ಹೇಳಬಹುದಿತ್ತು.

"ಇಡೀ ಪುಸ್ತಕ ಎರಡು ಸಲ ಓದಿದ್ದೀನಿ ಅಂತ ನೀವೇ ಇವಳಿಗೆ ಹೇಳಿದ್ರಂತೆ," ಮುದುಕರ ದನಿ ಕುಗ್ಗಿತ್ತು. "ಎರಡು ಸಲವೂ ಇದನ್ನ ತಿರುಗಿಸ್ಕೊಂಡು ಓದಿದ್ದೀರಿ. ಆದ್ರೂ ಒಂದು ಮಾತು ಆಡ್ಲಿಲ್ಲ. ಬೇರೆಯವರಾಗಿದ್ರೆ ಪುಸ್ತಕಾನ ಮುಖದ ಮೇಲೆ ಎಸೆದಿರೋರು."

ಪ್ರಾಧ್ಯಾಪಕರು ಹೌದೆಂದು ತಲೆ ಆಡಿಸಿಬಿಟ್ಟರೆ ಮುಗಿದು ಹೋಗುತ್ತಿತ್ತು. ಆದರೆ ಆ ಮುದುಕರು ತಮ್ಮೆದುರು ಅಪರಾಧಿಯಂತೆ ನಿಂತಿರುವುದನ್ನು ನೋಡಲಾಗಲಿಲ್ಲ.

"ಇಲ್ಲ ಯಜಮಾನ್ರೇ. ಅದು ಹಾಗಿದೆ ಅಂತ ನನಗೆ ಗೊತ್ತೇ ಇರ್ಲಿಲ್ಲ. ನಾನು ಅದನ್ನ ತೆರೆದೇ ನೋಡಿಲ್ಲ."

ಮುದುಕರು ಅವರ ಮುಖವನ್ನೇ ದಿಟ್ಟಿಸಿದರು. ಕಣ್ಣಲ್ಲಿ ನೀರು ತುಂಬಿಕೊಂಡಿತು. "ನನ್ನ ಮನಸ್ಸಿಗೆ ನೋವಾಗ್ಬಾರ್ದು ಅಂತ ಎಂಥ ಮಾತು ಆಡ್ತಿದ್ದೀರಿ ಸ್ವಾಮಿ. ಗುರುಗಳು ಓದದೇ ಇರ್ತಾರಾ?" ಪುಸ್ತಕವನ್ನು ಎದೆಗವಚಿಕೊಂಡು ಮಗಳ ಕಡೆ ತಿರುಗಿದರು. "ಇದನ್ನ ಮನೆಗೆ ತಗೊಂಡು ಹೋಗಿ, ಬಿಚ್ಚಿ ಸರಿಯಾಗಿ ಹೊಲಿತೀನಿ. ನೀನೂ ಪಾಠ ಹೇಳೋಳು ತಾನೆ? ಇವರಿಂದ ಕಲ್ತ್ಕೋಮ್ಮ."

"ಕಲಿತಾಯ್ತು ಅಪ್ಪ" ಎಂದಳು ಅವಳು, ಪ್ರಾಧ್ಯಾಪಕರ ಮೇಲಿನ ಕಣ್ಣು ಕೀಳದೆ.