ಗುಂಗುರು ಕೂದಲು ಮತ್ತು ಒಂದು ಸೀಟು

ಔರಾದದಿಂದ ಬೀದರಕ್ಕೆ ಹೊರಟ ಬಸ್ಸಿನಲ್ಲಿ ಕಂಬ ಹಿಡಿದು ನಿಂತಿದ್ದ ಸುವರ್ಣಾ ಟೀಚರನ್ನು ಮೊದಲು ಗುರುತಿಸಿದವಳು ಓಣಿಯ ಕುಮುದಿನಿ. ಕೂತಲ್ಲಿಂದಲೇ ಕೂಗಿದಳು.

"ಅಯ್ಯ ಅಕ್ಕಾ! ಕ್ಯಾನ್ಸರ್ ಟ್ರೀಟ್‌ಮೆಂಟ್ ಪೂರಾ ಮುಗೀತಂತಲ್ಲ? ಕೂದಲಾ ನೋಡ್ರಿ ಎಷ್ಟ ಛಂದ ಗುಂಗುರಾಗಿ ಬಂದಾವ, ಪಾರ್ಲರದಾಗ ಮಾಡಿಸಿದಂಗ!"

"ಎಲ್ಲಾ ಆರಾಮ ಆಗ್ಯಾದ. ದಣಿವ ಒಂದ ಹೋಗವಲ್ದು."

ಕುಮುದಿನಿ ಕೂದಲನ್ನು ಹೊಗಳುತ್ತಲೇ ಇದ್ದಳು. ಏಳಲಿಲ್ಲ.

ಅಜ್ಜಿಯ ಕಥೆಯಲ್ಲಿ ಟೊಪ್ಪಿಗೆ ಹಾಕಿಕೊಂಡರೆ ರಾಜಕುಮಾರ ಮಾಯವಾಗುತ್ತಿದ್ದ. ಇಲ್ಲಿ ಕೂದಲು ಬಂದದ್ದೇ ತಡ, ಸುವರ್ಣಾಳ ದಣಿವು ಮಂದಿಯ ಕಣ್ಣಿನಿಂದ ಮಾಯವಾಗಿತ್ತು. ಮೊಣಕಾಲಲ್ಲಿ ಮಾತ್ರ ಹಾಗೇ ಇತ್ತು. ರಜೆ ಮುಗಿದು ಇವತ್ತು ಶಾಲೆಗೆ ಮೊದಲ ದಿನ. ಬಂದ ದಿನವೇ ಕಥೆ ಹೇಳುತ್ತೇನೆಂದು ಮಕ್ಕಳಿಗೆ ಮಾತು ಕೊಟ್ಟಿದ್ದಳು. ಮೈಯಲ್ಲಿ ಇದ್ದದ್ದೇ ಅಷ್ಟಕ್ಕೆ ಸಾಲುವ ಶಕ್ತಿ. ಅದನ್ನೂ ಬಸ್ಸಿಗೆ ಸುರಿದರೆ ಮಕ್ಕಳ ಮುಂದೆ ಕುರ್ಚಿಯಲ್ಲೇ ನಿದ್ದೆ.

ಪಕ್ಕದ ಸೀಟಿನ ಮುದುಕಿಯನ್ನು ಕೇಳಿದಳು. "ಆಯಿ, ತುಸು ಸರೀತೀರೇನ್ರಿ? ಅರ್ಧ ಜಾಗಾ ಸಾಕು."

"ನನಗ ಯಾಕ ಕೇಳ್ತೀಯವ್ವ?" ಮುದುಕಿ ತನ್ನ ಕೋಲನ್ನು ಟಕ್ಕೆಂದು ಕುಟ್ಟಿದಳು. "ಇದಕ್ಕ ಕೇಳು. ನನಗ ಸೀಟ ಕೊಡ್ಸಿದ್ದು ಇದ."

ಸಂತಪುರ ದಾಟುವಷ್ಟರಲ್ಲಿ ಅವಳ ಕಣ್ಣು ಮತ್ತೆ ಮುದುಕಿಯ ಕೋಲಿನ ಮೇಲೆ ಬಿತ್ತು. ಸುವರ್ಣಾ ಚೀಲದ ತಳದಿಂದ ಕೂದಲು ಉದುರಿದ್ದ ಕಿಮೋ ದಿನಗಳ ಹಳೆಯ ಸ್ಕಾರ್ಫು ತೆಗೆದಳು. ಗುಂಗುರು ಕೂದಲನ್ನೆಲ್ಲ ಒಳಗೆ ತುರುಕಿ ಬಿಗಿಯಾಗಿ ಕಟ್ಟಿಕೊಂಡಳು. ಮುದುಕಿಯ ಪಕ್ಕದಲ್ಲಿದ್ದವರು ಈಗ ತಾನೇ ಕಂಡವರಂತೆ ಥಟ್ಟನೆ ಎದ್ದರು. ಹಿಂದಿನ ಸೀಟಿನವರೂ ಎದ್ದರು. ಅಷ್ಟು ಹೊತ್ತೂ ಕೂದಲು ಹೊಗಳಿದ್ದ ಕುಮುದಿನಿಯೂ ಎದ್ದಳು!

ಕೂತು, ಉಸಿರು ಬಿಟ್ಟು, ಸುವರ್ಣಾ ಮುದುಕಿಯ ಕಿವಿಯಲ್ಲಿ ಪಿಸುಗುಟ್ಟಿದಳು. "ಸುಳ್ಳ ಹೇಳಿದಂಗ ಆಯ್ತೇನ್ರಿ ಆಯಿ?"

"ಏನ ಸುಳ್ಳ? ದಣಿವ ಖರೇನ ಅದಲ್ಲ? ಒಳಗಿಂದು ಮಂದಿಗಿ ಕಾಣಂಗಿಲ್ಲವ್ವ. ಕಾಣೂಹಂಗ ಏನರ ಹಿಡ್ಕೋಬೇಕ. ಮಲ್ಕೋ ಸುಮ್ಮ, ಬೀದರ ಬಂದ್ರ ಎಬ್ಬಸ್ತೇನಿ."

ಬೀದರದಲ್ಲಿ ಇಳಿದಾಗ ಸುವರ್ಣಾಳ ಮೈಯಲ್ಲಿ ಒಂದು ಕಥೆಗೆ ಸಾಲುವಷ್ಟು ಬಲ ಹಾಗೇ ಉಳಿದಿತ್ತು. ಕಥೆಯ ರಾಕ್ಷಸನನ್ನು ತುಸು ಹೆಚ್ಚು ಕುಣಿಸಲೂ ಬಹುದಿತ್ತು. ಮುದುಕಿಗೆ ಕೈ ಕೊಟ್ಟು ಇಳಿಸೋಣವೆಂದು ತಿರುಗಿದಳು. ಮುದುಕಿ ಅಲ್ಲಿರಲಿಲ್ಲ.

ಆಚೆ, ಹೊರಡುವುದರಲ್ಲಿದ್ದ ಭಾಲ್ಕಿ ಬಸ್ಸಿನ ಕಿಟಕಿಯೊಳಗೆ ಕೋಲು ಎಸೆದು ಸೀಟು ಹಿಡಿದ ಅವಳು, ಸೀರೆಯ ನಿರಿಗೆ ಎತ್ತಿ ಹಿಡಿದು ಬಾಗಿಲ ಕಡೆಗೆ ಓಡುತ್ತಿದ್ದಳು.