ಹಳದಿ ಗೆರೆಯ ಆಚೆ

ಅಣುಶಕ್ತಿಯಿಂದ ಓಡುವ ಸರಕು ಹಡಗು ಮಂಗಳೂರು ಬಂದರಿಗೆ ಬಂದರೆ, ಇಳಿದವರೂ ಅವರನ್ನು ಕಾಣಲು ಬಂದವರೂ ಒಂದು ಕಬ್ಬಿಣದ ಕಮಾನು ದಾಟಬೇಕು. ಮೈಯಲ್ಲಿ ಚೂರು ವಿಕಿರಣವಿದ್ದರೂ ಅದು ಕೂಗಿಕೊಳ್ಳುತ್ತದೆ. ಹಾಗೆ ಕೂಗಿಸಿಕೊಂಡ ಗಂಡಸರು ಹಳದಿ ಗೆರೆಯ ಆಚೆ ಕೂರುತ್ತಾರೆ. ಹೆಂಡಂದಿರು ಈಚೆಯಿಂದ ಬುತ್ತಿಯ ಡಬ್ಬಿ ತಳ್ಳಿ, ದೂರದಿಂದಲೇ ಮನೆಯ ಸುದ್ದಿ ಹೇಳುತ್ತಾರೆ.

ರಿಯಾಕ್ಟರ್ ನೋಡಿಕೊಳ್ಳುವ ದಯಾಕರ ಎಂಟು ತಿಂಗಳ ಮೇಲೆ ಇಳಿದ. ಕಮಾನು ಸುಮ್ಮನಿತ್ತು. ಖುಷಿಯಿಂದ ಹೆಂಡತಿಯನ್ನು ಕರೆದ. ವಾರಿಜಾ ಒಳಗೆ ಕಾಲಿಟ್ಟದ್ದೇ ತಡ, ಕಮಾನು ಅರಚಿತು.

ಕಾವಲಿನವನು ಯಂತ್ರ ಕೆಟ್ಟಿತೆಂದುಕೊಂಡ. ದಯಾಕರನ ಕಣ್ಣು ಮಾತ್ರ ಅವಳು ಸೆರಗಿನಿಂದ ಮುಚ್ಚಿಕೊಂಡಿದ್ದ ಕುತ್ತಿಗೆಗೆ ಹೋಯಿತು. ಸೆರಗು ಸರಿದಲ್ಲಿ ಒಂದು ಹೊಸ ಹೊಲಿಗೆಯ ಗುರುತು.

"ಎಂಥದು ಇದು?"

"ಥೈರಾಯ್ಡಿನಲ್ಲಿ ಗಡ್ಡೆ ಇತ್ತು, ತೆಗೆದರು. ಮೊನ್ನೆ ವಿಕಿರಣ ಇರುವ ಅಯೋಡಿನ್ ಔಷಧಿ ಕುಡಿಸಿದರು. ಅದು ಇಲ್ಲಿ ಕೂಗ್ತದೆ ಅಂತ ನನಗೆ ಗೊತ್ತಿರಲಿಲ್ಲ."

"ನನಗೊಂದು ಮಾತು ಹೇಳಬಾರದಿತ್ತಾ, ಮಾರಾಯ್ತಿ?"

"ಹೇಳಿ ಎಂಥ ಮಾಡುವುದು? ಮೊದಲಿನ ಹಡಗಾದರೆ ಎಣ್ಣೆ ತುಂಬಿಸಲಿಕ್ಕಾದರೂ ಎಲ್ಲಿಯಾದರೂ ನಿಲ್ತಿತ್ತು. ನಿಮ್ಮದು ನಿಲ್ಲುವುದೇ ಇಲ್ಲವಲ್ಲ."

ಕಾವಲಿನವನು ಅವಳಿಗೆ ಗೆರೆಯ ಆಚೆಯ ಬೆಂಚು ತೋರಿಸಿದ. ವಾರಿಜಾ ಕುಳಿತು, ಬಂಗುಡೆ ಮೀನಿನ ಪುಳಿಮುಂಚಿ ಸಾರಿನ ಡಬ್ಬಿಯನ್ನು ಗೆರೆಯವರೆಗೆ ತಳ್ಳಿದಳು. "ನೀವು ಅಲ್ಲಿಯೇ ಕೂತು ಊಟ ಮಾಡಿ."

ದಯಾಕರ ಡಬ್ಬಿ ಎತ್ತಿಕೊಂಡು ಗೆರೆ ದಾಟಿ, ಅವಳಿಗೆ ಒತ್ತಿಕೊಂಡೇ ಕುಳಿತ.

"ಅಣ್ಣಾ, ಆಚೆ ಹೋಗಬಾರದು!" ಕಾವಲಿನವನು ಗಾಬರಿಯಾದ.

"ಎಂಟು ತಿಂಗಳು ರಿಯಾಕ್ಟರಿನ ಪಕ್ಕ ಮಲಗಿದ್ದೇನೆ, ಮಾರಾಯಾ," ಎಂದು ದಯಾಕರ ಡಬ್ಬಿಯ ಮುಚ್ಚಳ ತೆರೆದ. "ಹೆಂಡತಿಯ ಪಕ್ಕ ಕೂರಲಿಕ್ಕೆ ಹೆದರಬೇಕಾ?"